ಹೊರಗಿನ ಕೋಣೆಯ ವರದತ್ತಿಗೆ

ನಮ್ಮ ಮನೆಯ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂತರೆ, ನನ್ನ ಅತ್ತಿಗೆ ವರದಾ ಅರ್ಧ ತಿಂಗಳು ಕೂರುತ್ತಿದ್ದಳು. ನಾಲ್ಕನೇ ದಿನ ಬೆಳಗ್ಗೆ ಮಿಂದು ಒಳಗೆ ಬರುವುದು ವಾಡಿಕೆ. ಅವಳ ಸ್ರಾವ ನಿಲ್ಲುತ್ತಲೇ ಇರಲಿಲ್ಲ. ನಿಲ್ಲದೆ ಹೊಸ್ತಿಲು ದಾಟುವಂತಿಲ್ಲ ಎಂದು ನನ್ನ ಅಮ್ಮ ವಾಗ್ದೇವಿಯ ಕಟ್ಟಪ್ಪಣೆ. ಬಚ್ಚಲ ಹಿಂದಿನ ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದರಲ್ಲಿ ಕಾಣುತ್ತಿದ್ದುದು ಗೊಬ್ಬರದ ಗುಂಡಿ. ಇಕ್ಕೇರಿಯಲ್ಲಿ ಊರೆಲ್ಲ ಓಡಾಡಿಕೊಂಡು ಬೆಳೆದವಳನ್ನು ಹೊಸನಗರದ ಕಡೆಯ ನಮ್ಮ ಮನೆಗೆ ತಂದು ಅಲ್ಲಿ ಕೂರಿಸಿದರು. ಈಗ ನೆನೆದರೂ ನನಗೆ ಸಿಟ್ಟು ಬರುತ್ತದೆ.

ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ, ಕಚ್ಚಿದರೆ ನಾವು ಸುಣ್ಣ ಹಚ್ಚಿ ಮರೆಯುತ್ತಿದ್ದೆವು. ಅವಳ ಕಾಲಿನಲ್ಲಿ ಮರುದಿನದವರೆಗೂ ಜಿನುಗುತ್ತಿತ್ತು. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ. ಕೊನೆಗೆ ಅವಳ ಗಂಡ, ಅಂದರೆ ನನ್ನ ಅಣ್ಣ ಶಂಭು, ೧೯೬೪ರ ಬೇಸಿಗೆಯಲ್ಲಿ ಅಮ್ಮನನ್ನು ಹೇಗೋ ಒಪ್ಪಿಸಿ ಅವಳನ್ನು ಸಾಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರು ಅವಳ ಬೆರಳು ಚುಚ್ಚಿ, ಹನಿಯನ್ನು ಗಾಜಿಗೆ ಸವರಿ, ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು. ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಕಿರುಕಣಗಳಿವೆಯಂತೆ. ಗಾಯಕ್ಕೆ ಮೊದಲು ಬಂದವು ಅಲ್ಲೇ ಅಂಟಿ ಕೂತು, ಏನೋ ರಸ ಬಿಟ್ಟು ಉಳಿದವನ್ನು ಕರೆಯುತ್ತವಂತೆ, ನಮ್ಮ ಕಡೆ ಗುಡ್ಡದ ಮನೆಯವರು ಕೂ ಹಾಕಿ ನೆರೆಯವರನ್ನು ಕರೆದ ಹಾಗೆ. ಬಂದವೆಲ್ಲ ಒಂದಕ್ಕೊಂದು ಬೆಸೆದುಕೊಂಡರೆ ಗಾಯದ ಬಾಯಿ ಮುಚ್ಚಿ ರಕ್ತ ಹೆಪ್ಪುಗಟ್ಟುತ್ತದೆ.

"ಇವರಲ್ಲಿ ಲೆಕ್ಕಕ್ಕೆ ಕಡಿಮೆ ಇಲ್ಲ. ಕರೆದ್ರೆ ಬರ್ತವೆ. ಆದ್ರೆ ಒಂದರ ಕೈ ಒಂದು ಹಿಡಿಯೋದಿಲ್ಲ," ಎಂದರು ಡಾಕ್ಟರು. ಹುಟ್ಟಿನಿಂದ ಬಂದದ್ದು, ಮದ್ದಿಲ್ಲ. ಗಾಯವಾದರೆ ಬಟ್ಟೆಯಿಟ್ಟು ಒತ್ತಿ ಹಿಡಿಯಿರಿ, ಬಿಡಬೇಡಿ ಎಂದು ಹೇಳಿ ಕಳಿಸಿದರು.

ಬಸ್ಸಿನಲ್ಲಿ ಅತ್ತಿಗೆಯ ಮುಖ ಅರಳಿತ್ತು. ದೋಷ ಗರ್ಭಕೋಶದ್ದಲ್ಲ, ರಕ್ತದ್ದು. ಮೂರು ದಿನ ಕಳೆದ ಮೇಲೆ ಬರುವುದು ಉಂಬಳದ ಗಾಯದ ರಕ್ತದ ಹಾಗೇ ಎಂದಾದರೆ ಹೊರಗೆ ಯಾಕೆ ಕೂರಬೇಕು? ಮನೆಗೆ ಬಂದವಳೇ ಇದನ್ನು ಅಮ್ಮನಿಗೆ ಹೇಳಿದಳು. ಅಮ್ಮ ಬತ್ತಿ ಹೊಸೆಯುತ್ತ ಎಲ್ಲ ಕೇಳಿಸಿಕೊಂಡಳು.

"ಹಂಗಾರೆ ಅದೂ ಇದೂ ಒಂದೇ ರಕ್ತ ಹೇಳಿ ಆತು. ಒಸಡಲ್ಲಿ ಬಂದ್ರೂ ಹೊರಗೇ ಕೂತ್ಕಳವು."

ಒಳಗಿರಲು ಸಿಗುತ್ತಿದ್ದ ಅರ್ಧ ತಿಂಗಳೂ ಹೋಯಿತು. ಅಣ್ಣ ಕಂಬ ನೋಡುತ್ತ ನಿಂತಿದ್ದ. ಗಂಡನಂತೆ ಗಂಡ!

ಆ ಆಷಾಢದಲ್ಲಿ, ಹೊಳೆ ಏರಿ ಬಸ್ಸು ನಿಂತಿದ್ದಾಗ, ನಾನೂ ಮುಟ್ಟಾಗಿ ಅದೇ ಕೋಣೆಯಲ್ಲಿದ್ದೆ. ಅತ್ತಿಗೆ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ, ಕಲ್ಲಿನ ಅಂಚು ತಾಗಿ ಮೊಣಕಾಲಿನ ಕೆಳಗೆ ಸೀಳಿಕೊಂಡಳು. ನಾನು ಕೂ ಹಾಕಿದೆ. ಅಮ್ಮ ಬಂದಳು, ಅಣ್ಣ ಬಂದ, ಆಚೆಮನೆ ಸುಬ್ಬಯ್ಯ ಹೆಂಡತಿಯೊಂದಿಗೆ ಬಂದ. ಬಂದವರೆಲ್ಲ ಅಂಗಳದಲ್ಲೇ ನಿಂತರು. ಮುಟ್ಟಿದರೆ ಮೈಲಿಗೆಯಲ್ಲವೇ? ಅರಿಶಿನ ಹಚ್ಚು, ಸುಣ್ಣ ಹಚ್ಚು ಎಂದು ನಿಂತಲ್ಲಿಂದಲೇ ಹೇಳಿದರು. ಅವಳನ್ನು ಮುಟ್ಟಬಹುದಾದವಳು ನಾನೊಬ್ಬಳೇ. ಹಳೆ ಸೀರೆ ಹರಿದು ಮಡಿಸಿಟ್ಟು, ಕೈ ಮರಗಟ್ಟುವವರೆಗೂ ಒತ್ತಿ ಹಿಡಿದೆ. ನಿಂತಂತೆ ಕಾಣುತ್ತಿತ್ತು, ಕೈ ತೆಗೆದರೆ ಮತ್ತೆ ಜಿನುಗುತ್ತಿತ್ತು.

ನನ್ನ ನಾಲ್ಕನೇ ದಿನ ಬಂತು. ಅಮ್ಮ ಬಿಸಿನೀರು ತೋಡಿಟ್ಟು ಮೀಯಲು ಕರೆದಳು. ಮಿಂದರೆ ನಾನೂ ಅಂಗಳದವರ ಸಾಲಿಗೆ ಸೇರಬೇಕು. ಮತ್ತೆ ಅತ್ತಿಗೆಯನ್ನು ಮುಟ್ಟುವಂತಿಲ್ಲ. ಅತ್ತಿಗೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಕಾಲಿನ ಮೇಲಿದ್ದ ಕೈಯನ್ನು ನಾನು ತೆಗೆಯಲಿಲ್ಲ.

"ನಂದೂ ನಿಂತಿದ್ದಿಲ್ಲೆ ಅಮ್ಮ," ಎಂದೆ.