ಗೋಡೆಯಿಲ್ಲದ ಊಟದ ಕೋಣೆಗೆ ಹೋಗಿಬಂದದ್ದು

ತೊಕ್ಕೊಟ್ಟಿನಲ್ಲಿ ಬಸ್ಸು ಹತ್ತುವಾಗ ನನ್ನ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಬೆಳಿಗ್ಗೆ ಹಬೆಯಲ್ಲಿ ಬೇಯಿಸಿದ ಅಕ್ಕಿಯುಂಡೆ, ನಮ್ಮ ಪುಂಡಿ, ಮತ್ತು ತೆಂಗಿನಕಾಯಿ ಚಟ್ನಿ, ಇನ್ನೊಂದರಲ್ಲಿ ನೀರಿನ ಬಾಟ್ಲಿ ಮತ್ತು ಕೊಡೆ. ಮಳೆಗಾಲ ಮುಗಿದಿತ್ತು, ಆದರೆ ಕೊಡೆ ಇಲ್ಲದೆ ಮನೆ ಬಿಟ್ಟು ನನಗೆ ಅಭ್ಯಾಸವಿಲ್ಲ. ಉಳ್ಳಾಲದಿಂದ ಬೈಕಂಪಾಡಿಗೆ ಹೋಗುವುದಕ್ಕೆ ಇಷ್ಟು ತಯಾರಿಯಾ ಎಂದು ಮಗ ನಕ್ಕ. ನಗಲಿ. ಮೊಮ್ಮಗಳು ನಕ್ಷೆ ಮಾಡಿದ ಫ್ಯಾಕ್ಟರಿ ನೋಡಲು ಹೋಗುವ ಅಜ್ಜಿಯರು ನಮ್ಮ ಬೀದಿಯಲ್ಲಿ ಬೇರೆ ಯಾರಿದ್ದಾರೆ?

ಮಗಳ ಮಗಳು ದೀಕ್ಷಾ ಉರ್ವದಲ್ಲಿರುವುದು. ಇಂಜಿನಿಯರಿಂಗ್ ಕಲಿತು ಒಂದು ಸಣ್ಣ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಮನೆ ಕಟ್ಟುವವರಿಗೆ ಅಡುಗೆ ಕೋಣೆ ಎಲ್ಲಿ, ಬಾವಿ ಎಲ್ಲಿ ಎಂದು ಹೇಳುವವರಿದ್ದ ಹಾಗೆ, ಇವಳು ಫ್ಯಾಕ್ಟರಿ ಹಾಕುವವರಿಗೆ ಯಾವ ಮೆಷಿನ್ ಎಲ್ಲಿ ಕೂರಬೇಕು, ಸಾಮಾನು ಯಾವ ಬಾಗಿಲಿನಿಂದ ಬರಬೇಕು, ಜನ ಎಲ್ಲಿ ನಡೆಯಬೇಕು ಎಂದು ಹೇಳುವವಳು. ಪೂರ್ತಿ ಇವಳ ಕೈಗೇ ಕೊಟ್ಟ ಮೊದಲ ಕೆಲಸ ಇದು. ಅದೂ ಗೇರುಬೀಜದ ಫ್ಯಾಕ್ಟರಿ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಜ ಒಡೆಯಲು ಕೂತವಳು ನಾನು. ನನಗೆ ಹೇಗಾಗಿರಬೇಕು ನೀವೇ ಹೇಳಿ. ಟಿಕೆಟ್ ಕೊಡಲು ಬಂದ ಕಂಡಕ್ಟರನಿಗೂ ಹೇಳಿಬಿಟ್ಟೆ. ಅವನು ಚಿಲ್ಲರೆ ಎಣಿಸುತ್ತಾ, "ಹಾಗಾದ್ರೆ ನನಗೂ ಒಂದು ಕೆಲಸ ಕೊಡಿಸಿ ಅಜ್ಜಿ, ಈ ಬಸ್ಸಿನಲ್ಲಿ ನಿಂತು ನಿಂತು ಸೊಂಟ ಹೋಯ್ತು" ಎಂದ.

ನೇತ್ರಾವತಿ ಹೊಳೆಯ ಸಂಕದ ಮೇಲೆ ತಂಪು ಗಾಳಿ. ಪಂಪ್‌ವೆಲ್‌ನಲ್ಲಿ ಫ್ಲೈಓವರಿನ ಕೆಳಗೆ ದೀಕ್ಷಾ ಸ್ಕೂಟರು ನಿಲ್ಲಿಸಿ ಕಾಯುತ್ತಿದ್ದಳು. ನಾನು ಮುಡಿದಿದ್ದ ಮಲ್ಲಿಗೆಯ ಮೇಲೆಯೇ ಹೆಲ್ಮೆಟ್ಟು ಹಾಕಿದಳು. ಹೂವು ಹಾಳಾಗುತ್ತದೆ ಎಂದರೆ, ತಲೆ ಹಾಳಾಗುವುದಕ್ಕಿಂತ ಒಳ್ಳೆಯದು ಎಂದಳು. ಬಾಯಿ ಅಮ್ಮನದ್ದೇ.

ನಂತೂರು, ಕುಂಟಿಕಾನ ದಾಟಿ ಕೊಟ್ಟಾರ ಬರುವಾಗ ನಾನು ಅವಳ ಭುಜ ತಟ್ಟಿ ನಿಲ್ಲಿಸಲು ಹೇಳಿದೆ. ನಮ್ಮ ಹಳೆಯ ಫ್ಯಾಕ್ಟರಿ ಇದ್ದದ್ದು ಅಲ್ಲೇ ಒಳಗೆ. ಈಗ ಆ ಜಾಗದಲ್ಲಿ ಎತ್ತರದ ಫ್ಲ್ಯಾಟು, ಬಾಲ್ಕನಿ ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ. ಆಗ ಗೇಟಿನ ಹತ್ತಿರ ಬರುವಾಗಲೇ ಸುಟ್ಟ ಸಿಪ್ಪೆಯ ವಾಸನೆ ಬರುತ್ತಿತ್ತು. ಬೀಜದ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ, ಅದಕ್ಕೆ ಕೈಗೆ ಬೂದಿ ಹಚ್ಚಿ ಕೂರುತ್ತಿದ್ದೆವು. ಆದರೂ ಬೆರಳು ಕಪ್ಪು. ನನ್ನ ಮದುವೆಯ ದಿನ ಧಾರೆಗೆ ಕೈ ಚಾಚಿದಾಗ ಅತ್ತೆ ಮೊದಲು ನೋಡಿದ್ದು ಬಳೆಯನ್ನಲ್ಲ, ಆ ಬೆರಳುಗಳನ್ನು. ಹಾಗಂತ ಬೇಸರದ ದಿನಗಳೇನಲ್ಲ. ಸಾಲಾಗಿ ಕೂತು ಒಬ್ಬಳು ಪಾಡ್ದನದ ಹಾಡು ಎತ್ತಿದರೆ ಕೊನೆಯ ಸಾಲಿನವಳು ಮುಗಿಸುತ್ತಿದ್ದಳು. ಊಟಕ್ಕೆ ಮಾತ್ರ ಜಾಗ ಇರಲಿಲ್ಲ. ಬೇಸಿಗೆಯಲ್ಲಿ ಮಾವಿನ ಮರದ ಬುಡ, ಮಳೆಗಾಲದಲ್ಲಿ ಹೆಂಚಿನ ಮಾಡಿನ ಕೆಳಗೆ ಗೋಡೆಗೆ ಒತ್ತಿ ನಿಂತು ಬುತ್ತಿ ಬಿಚ್ಚುವುದು. ಚಪ್ಪಲಿ ಕಳಚಿದರೆ ನೀರಿನಲ್ಲಿ ತೇಲಿ ಹೋಗುತ್ತಿತ್ತು, ಕಳಚದೆ ಅನ್ನ ಉಣ್ಣಲು ಮನಸ್ಸು ಬರುತ್ತಿರಲಿಲ್ಲ. ಒಂದು ಕಾಲಿನಿಂದ ಚಪ್ಪಲಿ ಒತ್ತಿ ಹಿಡಿದು ಉಣ್ಣುತ್ತಿದ್ದೆವು. ಈ ಕಥೆಯನ್ನು ದೀಕ್ಷಾ ಸಣ್ಣವಳಿರುವಾಗ ಎಷ್ಟು ಸಲ ಹೇಳಿಸಿಕೊಂಡಿದ್ದಾಳೋ.

ಅಲ್ಲಿ ನಿಂತೇ ಅವಳು ವಿಷಯ ಹೇಳಿದಳು. ಹೊಸ ಶೆಡ್ಡಿನ ಪಡುವಣ ಮೂಲೆಯಲ್ಲಿ ಹೆಂಗಸರಿಗೆ ಕೂತು ಉಣ್ಣುವ ಕೋಣೆ ಇಟ್ಟಿದ್ದಾಳಂತೆ. ಫ್ಯಾಕ್ಟರಿಯ ಧನಿಗಳಾದ ಶೆಟ್ಟರಿಗೆ ಅದು ಒಪ್ಪಿಗೆಯಿಲ್ಲ. ಊಟಕ್ಕೆ ಎಲ್ಲಿಯಾದರೂ ಕೂರಲಿ, ಆ ಜಾಗ ಗೋಣಿ ಇಡಲು ಬೇಕು ಎನ್ನುತ್ತಾರಂತೆ. ಕಾಗದದ ನಕ್ಷೆ ನೋಡಿದರೆ ಅವರಿಗೆ ತಲೆ ತಿರುಗುತ್ತದೆ. ಅದಕ್ಕೆ ಇವಳು ನಿನ್ನೆ ಇಡೀ ದಿನ ಕೂತು ಶೆಡ್ಡಿನ ನೆಲದ ಮೇಲೆಯೇ ಸುಣ್ಣದ ಹುಡಿಯಿಂದ ಪೂರ್ತಿ ಅಳತೆಯ ನಕ್ಷೆ ಎಳೆದಿದ್ದಳು. ಇವತ್ತು ಅವರು ಅದರೊಳಗೆ ನಡೆದು ನೋಡಿ ಕೊನೆಯ ಮಾತು ಹೇಳುತ್ತಾರೆ, ನಾಳೆ ಗಣಹೋಮ, ಆಮೇಲೆ ಮೆಷಿನ್ ಕೂರಿಸಲು ನೆಲ ಅಗೆಯುವುದು ಶುರು.

"ಒಪ್ಪದಿದ್ರೆ?" ಎಂದು ಕೇಳಿದೆ.

"ಒಪ್ಪದಿದ್ರೆ ಇನ್ನೂ ಮೂವತ್ತು ವರ್ಷ ಯಾರೋ ಮಾಡಿನ ಕೆಳಗೆ ನಿಂತು ಉಣ್ತಾರೆ ಅಜ್ಜಿ" ಎಂದು ಸ್ಕೂಟರು ಚಾಲು ಮಾಡಿದಳು.

ಕೂಳೂರಿನ ಸಂಕ, ಪಣಂಬೂರಿನ ಲಾರಿಗಳ ಸಾಲು, ಧೂಳು, ಮುಖಕ್ಕೆ ಹೊಡೆಯುವ ಬಿಸಿಲು. ಬೈಕಂಪಾಡಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿ ಒಂದು ದೊಡ್ಡ ತಗಡಿನ ಶೆಡ್ಡಿನ ಮುಂದೆ ನಿಂತೆವು. ದೀಕ್ಷಾ ಒಳಗೆ ಕಾಲಿಟ್ಟವಳು ಅಲ್ಲಿಯೇ ನಿಂತುಬಿಟ್ಟಳು.

ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಗೆರೆ ಉಳಿದಿರಲಿಲ್ಲ. ಏಳೆಂಟು ಹೆಂಗಸರು ಪೊರಕೆ, ಬಾಲ್ದಿ ಹಿಡಿದು ನಿಂತಿದ್ದರು. ಫ್ಯಾಕ್ಟರಿ ಶುರುವಾದ ಮೇಲೆ ಇಲ್ಲಿಯೇ ಕೆಲಸಕ್ಕೆ ಸೇರುವವರು. ಅವರ ಮುಂದಾಳು ಗಿರಿಜಕ್ಕ, ದಪ್ಪ ಜೀವ, ಸೊಂಟಕ್ಕೆ ಸೆರಗು ಸಿಕ್ಕಿಸಿ ಮುಂದೆ ಬಂದಳು.

"ಯಾರೋ ಬುದ್ಧಿ ಇಲ್ಲದವರು ಇಡೀ ಸುಣ್ಣ ಚೆಲ್ಲಿ ಹೋಗಿದ್ರು ಮೇಡಂ. ನಾಳೆ ಭಟ್ಟರು ಬಂದು ಹೋಮಕ್ಕೆ ಕೂರುವ ಜಾಗ ಅಲ್ವಾ. ಉಜ್ಜಿ ಉಜ್ಜಿ ತೊಳೆದೆವು."

ನಗುವುದೋ ಅಳುವುದೋ ತಿಳಿಯಲಿಲ್ಲ. ಅವಳದ್ದು ತಪ್ಪೆನ್ನುವುದು ಹೇಗೆ? ಹೋಮದ ಮುಂಚಿನ ದಿನ ನೆಲ ತೊಳೆಯದೆ ಬಿಡುವ ಹೆಂಗಸು ನಮ್ಮ ಕಡೆ ಹುಟ್ಟಿಲ್ಲ. ನಾನಾದರೂ ಅದನ್ನೇ ಮಾಡುತ್ತಿದ್ದೆ. ಒದ್ದೆ ನೆಲದ ಮೇಲೆ ಸುಣ್ಣ ನಿಲ್ಲುವುದಿಲ್ಲ. ಅಷ್ಟರಲ್ಲಿ ಶೆಟ್ಟರ ಫೋನು ಬಂತು, ಕೂಳೂರು ದಾಟಿದ್ದಾರಂತೆ.

ದೀಕ್ಷಾ ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಅಳತೆಯ ಟೇಪು ತೆಗೆದು ಓಡಾಡತೊಡಗಿದಳು. ಒಬ್ಬೊಬ್ಬರನ್ನೇ ಕೈ ಹಿಡಿದು ತಂದು ನಿಲ್ಲಿಸಿದಳು. ಗಿರಿಜಕ್ಕ ಬೀಜ ಬೇಯಿಸುವ ಬಾಯ್ಲರ್. ಅದರಿಂದ ಮುಂದೆ ಇಬ್ಬರು ಬೀಜ ಒಡೆಯುವ ಮೆಷಿನ್, ಆಮೇಲೆ ಒಬ್ಬಳು ಒಣಗಿಸುವ ಒಲೆ, ಆಚೆ ಸಿಪ್ಪೆ ತೆಗೆಯುವ ಮೇಜುಗಳು, ಕೊನೆಯ ಬಾಗಿಲಲ್ಲಿ ಪ್ಯಾಕಿಂಗ್. ನನ್ನನ್ನೇಕೆ ಬಾಯ್ಲರ್ ಮಾಡಿದ್ದು ಎಂದು ಗಿರಿಜಕ್ಕ ಕೇಳಿದರೆ, ಬೇರೆ ಯಾರು ಅಷ್ಟು ಜಾಗ ತುಂಬಿಸಬೇಕು ಮಾರಾಯ್ತಿ ಎಂದು ಒಣಗಿಸುವ ಒಲೆ ಹೇಳಿತು.

ಕೊನೆಗೆ ನನ್ನನ್ನು ಪಡುವಣ ಮೂಲೆಗೆ ಕರೆದುಕೊಂಡು ಹೋಗಿ, ಬಾಲ್ದಿ ಕವುಚಿ ಹಾಕಿ ಕೂರಿಸಿದಳು. "ಅಜ್ಜಿ, ನೀವು ಊಟದ ಕೋಣೆ. ಏಳ್ಬೇಡಿ" ಎಂದಳು.

ಶೆಟ್ಟರು ಬಂದರು. ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. ಶೆಡ್ಡಿನ ತುಂಬ ಅಲುಗಾಡದೆ ನಿಂತ ಹೆಂಗಸರನ್ನು ನೋಡಿ ಎಂತ ಇದು ನಾಟಕವಾ ಎಂದರು. ದೀಕ್ಷಾ ಅವರ ಕೈಗೆ ಒಂದು ಖಾಲಿ ಬುಟ್ಟಿ ಕೊಟ್ಟು, ನೀವೇ ಬೀಜ ಎಂದು ತಿಳಿದುಕೊಂಡು ನಡೆಯಿರಿ ಎಂದಳು. ಅವರು ಬಾಯ್ಲರಿನಿಂದ ಪ್ಯಾಕಿಂಗಿನವರೆಗೆ ಎಲ್ಲಿಯೂ ಹಿಂದೆ ತಿರುಗದೆ ನಡೆದು ಆಚೆ ಬಾಗಿಲು ಮುಟ್ಟಿದರು. ಮುಖದಲ್ಲಿ ನಗು ಬಂತು. ಇದು ಸರಿ ಉಂಟು, ಆದರೆ ಆ ಮೂಲೆ ನನಗೆ ಗೋಣಿಗೆ ಬೇಕೇ ಬೇಕು ಎಂದರು.

ಹಾಗಾದರೆ ಲಾರಿ ನಿಲ್ಲುವ ಬಾಗಿಲಿನಿಂದ ಆ ಮೂಲೆಗೆ ಗೋಣಿ ಹೊತ್ತು ಬನ್ನಿ ಎಂದಳು ದೀಕ್ಷಾ. ಶೆಟ್ಟರು ಬುಟ್ಟಿ ಹೆಗಲಿಗೇರಿಸಿ ಹೊರಟರು. ಇಡೀ ಶೆಡ್ಡು ಅಡ್ಡ ದಾಟಬೇಕು. ಸಿಪ್ಪೆ ತೆಗೆಯುವವರ ನಡುವೆ ನುಸುಳಿದರು, ಒಬ್ಬಳ ಕಾಲು ತುಳಿದರು, ಬಾಯ್ಲರಿನ ಹತ್ತಿರ ದಾರಿ ತಪ್ಪಿದರು.

"ಜಾಗ್ರತೆ ಧನಿ, ಬಾಯ್ಲರ್ ಬಿಸಿ ಉಂಟು" ಎಂದಳು ಗಿರಿಜಕ್ಕ, ಕಣ್ಣು ಮಿಟುಕಿಸದೆ.

ಬೆವರು ಒರೆಸುತ್ತಾ ನನ್ನ ಮುಂದೆ ಬಂದು ನಿಂತರು. "ನೀವು ಯಾವ ಮೆಷಿನ್ ಅಮ್ಮ?"

"ನಾನು ಮೆಷಿನ್ ಅಲ್ಲ. ಊಟದ ಕೋಣೆ."

ಬಂದವರಿಗೆ ಉಂಡಿರಾ ಎಂದು ಕೇಳದೆ ಇರಲು ನನಗೆ ಬರುವುದಿಲ್ಲ. ಬುತ್ತಿ ತೆಗೆದು ಪುಂಡಿ ಕೊಟ್ಟೆ. ಶೆಟ್ಟರು ಚಪ್ಪಲಿ ಕಳಚಿ ಇನ್ನೊಂದು ಬಾಲ್ದಿಯ ಮೇಲೆ ಕೂತರು. ಅದೇ ಹೊತ್ತಿಗೆ ಕಡಲಿನ ಗಾಳಿ ಏಳುವ ಸಮಯ, ಪಡುವಣ ಕಿಟಕಿಯಿಂದ ತಂಪಾಗಿ ಬಂತು. ನಾನೂ ಬೀಜ ಒಡೆದವಳು ಎಂದಾಗ, ಎಲ್ಲಿ ಕೆಲಸ ಮಾಡಿದ್ದು ಎಂದು ಕೇಳಿದರು. ಕೊಟ್ಟಾರದ ಕಥೆ ಹೇಳಿದೆ, ಮಾವಿನ ಮರ, ಮಾಡು, ತೇಲುವ ಚಪ್ಪಲಿ. ಬೇಡುವ ಹಾಗೆ ಹೇಳಲಿಲ್ಲ, ನನಗೆ ಅವು ಪ್ರೀತಿಯ ದಿನಗಳು. ಅವರು ಕೇಳುತ್ತಾ ಇನ್ನೊಂದು ಪುಂಡಿ ತೆಗೆದುಕೊಂಡರು. ಮೆಷಿನುಗಳೂ ಉಸಿರು ಬಿಗಿಹಿಡಿದು ನಿಂತಿದ್ದವು.

"ಗೋಣಿಯನ್ನು ಲಾರಿ ಬಾಗಿಲಿನ ಹತ್ತಿರವೇ ಇಡುವ" ಎಂದರು ಶೆಟ್ಟರು, ದೀಕ್ಷಾಳ ಕಡೆ ತಿರುಗಿ. "ಅಲ್ಲಿಗೆ ಎರಡು ಅಡಿ ಜಾಸ್ತಿ ಕೊಡು. ಈ ಅಜ್ಜಿಯನ್ನು ಇಲ್ಲಿಂದ ಎಬ್ಬಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

ನೆಲ ಒಣಗಿತ್ತು. ದೀಕ್ಷಾ ಸುಣ್ಣದ ಹುಡಿ ತಂದು ಮೊದಲ ಗೆರೆಯನ್ನು ನನ್ನ ಸುತ್ತಲೇ ಎಳೆದಳು, ಬಾಗಿಲಿಗೆ ಒಂದು ಕಡೆ ತೆರವು ಬಿಟ್ಟು. ಹೋಮವಾಗುವವರೆಗೆ ಗೆರೆಯ ಹತ್ತಿರ ಪೊರಕೆ ಬರದ ಹಾಗೆ ತಾನು ನೋಡಿಕೊಳ್ಳುತ್ತೇನೆ ಎಂದಳು ಗಿರಿಜಕ್ಕ. ಆಮೇಲೆ ನಾನು ಬಾಲ್ದಿಯಿಂದ ಎದ್ದೆ. ಸೀರೆಯಂಚಿಗೆಲ್ಲ ಸುಣ್ಣ. ಮೊಮ್ಮಗಳ ಗಲ್ಲ ಹಿಡಿದೆ, ಅವಳ ಮುಖಕ್ಕೂ ಸುಣ್ಣ.

ಪಂಪ್‌ವೆಲ್‌ವರೆಗೆ ಬಿಟ್ಟು ಬರುತ್ತೇನೆ ಎಂದು ಅವಳು ಸ್ಕೂಟರು ಹೊರಡಿಸಿದಾಗ ನಾನು ಹಿಂದೆ ತಿರುಗಿ ನೋಡಿದೆ. ಶೆಡ್ಡಿನ ದೊಡ್ಡ ಬಾಗಿಲು ತೆರೆದೇ ಇತ್ತು. ಹೆಂಗಸರು ಬುತ್ತಿ ಹಿಡಿದು ಆ ಮೂಲೆಯಲ್ಲಿ, ಗೆರೆಯ ಒಳಗೆ ಕಾಲು ಚಾಚಿ ಕೂತಿದ್ದರು. ಸುತ್ತ ಒಂದು ಗೋಡೆಯೂ ಇರಲಿಲ್ಲ. ಆದರೂ ಸುಣ್ಣದ ಗೆರೆಯಲ್ಲಿ ಬಾಗಿಲಿಗೆಂದು ಬಿಟ್ಟ ತೆರವಿನ ಹೊರಗೆ, ಎಲ್ಲರೂ ಚಪ್ಪಲಿ ಕಳಚಿ ಸಾಲಾಗಿ ಇಟ್ಟಿದ್ದರು.