ಕೆಂಪು ಗಾಜಿನ ಮೇಲಿನ ವಿಭೂತಿ

ನಮ್ಮೂರಿನ ಸೈಕಲ್ಲುಗಳಿಗೆ ವಿಭೂತಿ ಹಚ್ಚುವ ಜಾಗ ಬದಲಾಯಿಸಿದವಳು ನಾನು. ಇದನ್ನು ಹೇಳುವಾಗ ನನ್ನ ಕತ್ತು ಸ್ವಲ್ಪ ನೆಟ್ಟಗಾಗುತ್ತದೆ ಎಂದು ಮಕ್ಕಳು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಜಂಬ ಪಡುವಂಥ ಒಂದು ಕೆಲಸವನ್ನಾದರೂ ಮಾಡಿದವರಿಗೆ ಅಷ್ಟು ಹಕ್ಕು ಇರಬೇಕು. ಆದರೆ ಆ ಕೆಲಸ ಶುರುವಾದದ್ದು ನನ್ನದೇ ತಪ್ಪಿನಿಂದ. ಅದನ್ನು ಬಿಟ್ಟು ಹೇಳಿದರೆ ಅರ್ಧ ಸುಳ್ಳು ಹೇಳಿದ ಹಾಗೆ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಕೊಟ್ಟೂರಿನಿಂದ ಹಡಗಲಿ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದೆ. ಮಲ್ಲಿಗೆ ತೋಟದ ಮನೆ. ಮೊಗ್ಗು ಬಾಯಿ ಬಿಡುವ ಮೊದಲೇ ಬಿಡಿಸಿ, ಬುಟ್ಟಿಗೆ ತುಂಬಿ, ಮೇಲೆ ಹಸಿ ಬಟ್ಟೆ ಹೊದಿಸಿ, ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು ಹಡಗಲಿಯ ಹೂವಿನ ವ್ಯಾಪಾರಿಯ ಕಟ್ಟೆಗೆ ಮುಟ್ಟಿಸಬೇಕು. ಅಲ್ಲಿಂದ ಅದು ಹರಪನಹಳ್ಳಿ ಕಡೆಯ ಮೊದಲ ಬಸ್ಸು ಹತ್ತುತ್ತಿತ್ತು. ಮಲ್ಲಿಗೆ ಯಾರಪ್ಪನ ಮಾತನ್ನೂ ಕೇಳುವುದಿಲ್ಲ. ಬಸ್ಸು ತಪ್ಪಿತೋ, ಮೊಗ್ಗು ಬುಟ್ಟಿಯಲ್ಲೇ ಅರಳಿ ಕೂರುತ್ತದೆ. ಹಾಗಾಗಿ ನಮ್ಮ ಕಡೆಯ ಗಂಡಸರು ಬೆಳಕು ಹರಿಯುವ ಮುಂಚೆಯೇ, ದೀಪವಿಲ್ಲದ ಸೈಕಲ್ಲುಗಳ ಮೇಲೆ, ಒಬ್ಬರ ಹಿಂದೊಬ್ಬರು ರಸ್ತೆಗೆ ಬೀಳುತ್ತಿದ್ದರು.

ಬಂದ ಮೊದಲ ಸೋಮವಾರ ಅತ್ತೆ ನನ್ನ ಕೈಗೆ ವಿಭೂತಿ ಗಟ್ಟಿ ಕೊಟ್ಟು ಸೈಕಲ್ಲಿಗೆ ಪೂಜೆ ಮಾಡು ಎಂದರು. ಸೈಕಲ್ಲಿಗೆ ಹಣೆ ಎಲ್ಲಿದೆ ಎಂದು ತಿಳಿಯದೆ ನಾನು ಹ್ಯಾಂಡಲ್ಲನ್ನೂ ಸೀಟನ್ನೂ ನೋಡುತ್ತ ನಿಂತೆ.

"ಹಿಂದ ಮಡ್ಗಾರ್ಡ್ ಮ್ಯಾಲ ಕೆಂಪು ಗಾಜು ಐತಲ್ಲ, ಅದಾ ಅದರ ಹಣಿ. ಕುಂಕುಮಾನ ಸೈಕಲ್ ಮಾಡಿದವ್ರಾ ಹಚ್ಚಿ ಕಳಿಸ್ಯಾರ, ಈಬತ್ತಿ ನಾವು ಹಚ್ಚಬೇಕು," ಎಂದರು ಅತ್ತೆ. ವಿಭೂತಿಗೆ ಅವರ ಬಾಯಲ್ಲಿ ಈಬತ್ತಿ.

ಮಾತು ನನಗೆ ಬಹಳ ಹಿಡಿಸಿತು. ನೋಡಿದರೆ ಊರಿನ ಸೈಕಲ್ಲುಗಳೆಲ್ಲ ಹಾಗೆಯೇ ಇದ್ದವು: ಹಿಂದಿನ ಗುಂಡು ಗಾಜಿನ ಮೇಲೆ ಅಡ್ಡಡ್ಡ ಮೂರು ಬೆರಳಿನ ಪಟ್ಟೆ. ಹಿಂದಿನ ವಾರದ್ದನ್ನು ಒರೆಸುವಂತಿರಲಿಲ್ಲ. ಹಚ್ಚಿದ ಶಿವನ ಗುರುತನ್ನು ಒರೆಸುವುದು ಒಳ್ಳೆಯದಲ್ಲ ಎಂದು ಅತ್ತೆ ಹೇಳಿದ್ದರು. ಹೋದ ವಾರದ್ದರ ಮೇಲೆ ಈ ವಾರದ್ದು, ಅದರ ಮೇಲೆ ದೀಪದ ಎಣ್ಣೆಯ ಬೆರಳು, ಅದರ ಮೇಲೆ ರಸ್ತೆಯ ಧೂಳು. ನಾಲ್ಕು ವರ್ಷ ಒಂದು ಸೋಮವಾರವನ್ನೂ ನಾನು ತಪ್ಪಿಸಲಿಲ್ಲ. ನನ್ನಷ್ಟು ದಪ್ಪಗೆ, ನೆಟ್ಟಗೆ ಪಟ್ಟೆ ಎಳೆಯುವವರು ಓಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅದಕ್ಕೂ ಜಂಬವಿತ್ತು ನನಗೆ.

ಶ್ರಾವಣದ ಒಂದು ಮಂಗಳವಾರ ನಸುಕಿನಲ್ಲಿ ಲಾರಿಯೊಂದು ಹಿಂದಿನಿಂದ ಬಂದು ನಮ್ಮ ಮನೆಯವರಿಗೆ ಬಡಿಯಿತು. ಬುಟ್ಟಿಗೆ ಬಡಿದು ಸೈಕಲ್ ಒಂದು ಕಡೆ, ಅವರು ಒಂದು ಕಡೆ. ಜಾಲಿ ಗಿಡದ ಬುಡಕ್ಕೆ ಹೋಗಿ ಬಿದ್ದಿದ್ದರು. ಲಾರಿಯವನು ಓಡಿಹೋಗಲಿಲ್ಲ, ತಾನೇ ಎತ್ತಿಕೊಂಡು ಹಡಗಲಿ ಆಸ್ಪತ್ರೆಗೆ ತಂದು ಹಾಕಿದ್ದ. ಬಲಗಾಲು ಎರಡು ಕಡೆ ಮುರಿದಿತ್ತು. ಜೀವಕ್ಕೆ ಏನೂ ಇಲ್ಲ ಎಂದು ಡಾಕ್ಟರು ಹೇಳುವ ತನಕ ನಾನು ಕೂತಲ್ಲಿಂದ ಏಳಲಿಲ್ಲ.

ಮಧ್ಯಾಹ್ನ ಠಾಣೆಗೆ ಕರೆದರು. ಬೇವಿನ ಮರಕ್ಕೆ ನಮ್ಮ ಸೈಕಲ್ ಒರಗಿತ್ತು. ಪಕ್ಕದಲ್ಲಿ ಆ ಡ್ರೈವರ್ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಬೈಯಬೇಕೆಂದೇ ಹೋಗಿದ್ದೆ, ನಾಲಿಗೆ ಮಸೆದುಕೊಂಡೇ ಹೋಗಿದ್ದೆ. ಅವನು ಎದ್ದು ನಿಂತು, "ಅಕ್ಕಾ, ಹಿಂದ ಏನೂ ಹೊಳೀಲಿಲ್ರಿ. ಹತ್ರ ಬಂದ ಮ್ಯಾಲ ಬಟ್ಟಿ ಬೆಳ್ಳಗ ಕಾಣ್ತು, ಆಗ ಬ್ರೇಕ್ ಹೊಡದೆ. ಗಾಜು ಇಲ್ಲೇನ್ರಿ ನಿಮ್ಮ ಸೈಕಲ್‌ಗೆ?" ಎಂದ.

ಇಲ್ಲದೆ ಏನು ಎಂದು ರೇಗಿ ಸೈಕಲ್ಲಿನ ಹಿಂದೆ ಹೋದೆ. ಮಡ್ಗಾರ್ಡ್ ಸೊಟ್ಟಗಾಗಿತ್ತು, ಗಾಜು ಒಡೆದಿರಲಿಲ್ಲ. ಆದರೆ ಕೆಂಪೂ ಇರಲಿಲ್ಲ. ಹಿಂದಿನ ದಿನ ನಾನೇ ಎಳೆದ ಮೂರು ಪಟ್ಟೆ, ಅದರಡಿ ಇನ್ನೂ ಎಷ್ಟೋ ಸೋಮವಾರಗಳ ಪಟ್ಟೆ, ಎಲ್ಲ ಸೇರಿ ಒಲೆಯ ಗೋಡೆಯ ಹಾಗೆ ಬೂದಿಬಣ್ಣವಾಗಿತ್ತು. ಉಗುರಿನಿಂದ ಕೆರೆದೆ. ಚಕ್ಕೆ ಎದ್ದು ಬಂತು. ಅದರ ಕೆಳಗೆ ಒಂದು ಚೂರು ಕೆಂಪು ಬಿಸಿಲಿಗೆ ಫಳ್ಳೆಂದಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಊರಿನವರೆಲ್ಲ ಡ್ರೈವರನ್ನು ಬೈದರು. ಅವನದೂ ತಪ್ಪಿತ್ತು, ಆ ರಸ್ತೆಯಲ್ಲಿ ಅಷ್ಟು ಜೋರು ಬರಬಾರದಿತ್ತು. ಗಾಜಿನ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಬಾಯಿ ಹೊಲಿದುಕೊಂಡೆ. ಅತ್ತೆ ಹಗಲೂ ರಾತ್ರಿ ಮಗನ ತಲೆದಿಂಬಿನ ಹತ್ತಿರ ಕೂತು, "ನಮ್ಮ ಈಬತ್ತಿ ಕಾಯ್ತು," ಎನ್ನುವರು. ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಬಳ್ಳಿಗೆ ನಮ್ಮ ಸಂಕಟ ಗೊತ್ತಾಗುವುದಿಲ್ಲ, ಅದು ಮೊಗ್ಗು ಬಿಡುತ್ತಲೇ ಇತ್ತು. ಕೊಟ್ಟೂರಿನಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದಾಗ ನಾನು ಓಡಿಸುತ್ತಿದ್ದ ಲೇಡೀಸ್ ಸೈಕಲ್ಲನ್ನು ತವರಿನಿಂದ ಬಸ್ಸಿನ ಮೇಲೆ ಹಾಕಿಸಿ ತರಿಸಿದೆ. ಸೆರಗು ಬಿಗಿದು, ಬುಟ್ಟಿ ಕಟ್ಟಿಕೊಂಡು ನಾನೇ ಹಡಗಲಿಗೆ ಹೊರಟೆ. ಕಟ್ಟೆಯಲ್ಲಿ ಕೆಲವರು ಕಿಸಕ್ಕೆಂದರು. ಎರಡನೇ ದಿನವೂ ಅಂದರು. ಮೂರನೇ ದಿನ ನಾನು ಅವರಿಗಿಂತ ಮೊದಲೇ ತಲುಪಿದ್ದೆ, ಸುಮ್ಮನಾದರು.

ಆ ಮೂರನೇ ದಿನವೇ ನನ್ನ ಬಾಯಿ ಬಿಚ್ಚಿದ್ದು. ಕಟ್ಟೆಗೆ ಸಾಲಾಗಿ ಒರಗಿಸಿದ ಇಪ್ಪತ್ತು ಸೈಕಲ್ಲುಗಳ ಬೆನ್ನು ನನ್ನ ಕಡೆಗಿತ್ತು. ಇಪ್ಪತ್ತಕ್ಕೂ ಬೂದಿಯ ಹಣೆ. ನಾಳೆ ಬೆಳಿಗ್ಗೆ ಇದೇ ಗಾಜುಗಳು ಇದೇ ರಸ್ತೆಯಲ್ಲಿ ಹೋಗುತ್ತವೆ ಎಂಬುದು ತಲೆಗೆ ಬಂತು ನೋಡಿ, ತಡೆಯಲಾಗಲಿಲ್ಲ. ಗಂಟಲೆತ್ತಿ ಹೇಳಿದೆ: "ನಮ್ಮ ಮನಿಯವ್ರ ಕಾಲು ಮುರಿದಿದ್ದಕ್ಕ ಲಾರಿಯವನೊಬ್ಬನಾ ಕಾರಣಲ್ಲ, ನಾನೂ ಕಾರಣ. ಗಾಜು ಮುಚ್ಚೋ ಹಂಗ ಈಬತ್ತಿ ಹಚ್ಚಿದಾಕಿ ನಾನು. ಒರಸ್ರಿ ಅದನ್ನ, ನಿಮ್ಮ ಕಾಲು ಬೀಳ್ತೀನಿ."

ಹೂವು ತರುವವರಲ್ಲೆಲ್ಲ ಹಿರಿಯನಾದ ಒಬ್ಬ ಅಜ್ಜ ಇದ್ದ. ಅವನ ಮಾತನ್ನು ಯಾರೂ ಮೀರುತ್ತಿರಲಿಲ್ಲ. "ಶಿವನ ಗುರುತು ಇದ್ದದ್ದಕ್ಕಾ ನಿನ್ನ ಗಂಡ ಜೀವಂತ ಅದಾನವ್ವ. ಅದನ್ನ ಒರಸು ಅಂತೀಯಲ್ಲ, ನಾಲಿಗಿ ಹೆಂಗ ಬಂತು?" ಎಂದ.

"ಶಿವ ಕಾಯ್ತಾನ ಖರೆ ಅಜ್ಜಾ. ಲಾರಿಯವನಿಗೂ ಒಂಚೂರು ಕಾಣಬೇಕಲ್ಲ?"

ಯಾರೋ ನಕ್ಕರು. ಅಜ್ಜ ನಗಲಿಲ್ಲ, ಒರೆಸಲೂ ಇಲ್ಲ.

ಮಾತು ನನಗಿಂತ ಮೊದಲೇ ಮನೆ ಸೇರಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. "ನನ್ನ ಮಗನ ಕಾಲು ಮುರಿದಿದ್ದು ನಮ್ಮ ಈಬತ್ತಿ ಅಂತ ಊರ ಮುಂದ ಸಾರಿ ಬಂದ್ಯಲ್ಲ!"

"ಈಬತ್ತಿ ಅಲ್ಲ ಅತ್ತಿ. ಹಚ್ಚಿದಾಕಿ ನಾನು."

"ಹಚ್ಚು ಅಂದಾಕಿ ನಾನು," ಎಂದು ಅವರು ಒಳಗೆ ಹೋದರು. ಅವತ್ತಿನಿಂದ ನನ್ನ ಜೊತೆ ಬೇಕಾದಷ್ಟೇ ಮಾತು. ಸೈಕಲ್ಲನ್ನಂತೂ ಕಣ್ಣೆತ್ತಿ ನೋಡಲಿಲ್ಲ. ಮಲಗಿದಲ್ಲೇ ಎಲ್ಲ ಕೇಳಿಸಿಕೊಂಡ ನಮ್ಮ ಮನೆಯವರು ನನ್ನ ಕೈ ಹಿಡಿದು, "ಬೇರೆಯವ್ರ ಗಾಜು ಒರಸೋ ತನಕ ಬಿಡಬ್ಯಾಡ," ಎಂದರು. ಆ ಒಂದು ಮಾತಿಗೆ ನಾನು ಈಗಲೂ ಅವರಿಗೆ ಋಣಿ.

ಬಾಯಿಮಾತಿಗೆ ಬಗ್ಗದ ಅಜ್ಜನನ್ನು ಕಣ್ಣಿನಿಂದ ಬಗ್ಗಿಸಬೇಕೆಂದುಕೊಂಡೆ. ಹೂವಿನ ವ್ಯಾಪಾರಿಗೆ ಒಂದು ಟೆಂಪೋ ಇತ್ತು. ಕಾಡಿ ಬೇಡಿ ಒಂದು ಮುಸ್ಸಂಜೆ ಅದನ್ನು ಊರ ಹೊರಗಿನ ರಸ್ತೆಗೆ ತರಿಸಿದೆ. ಮುಂದಿನ ಸೀಟಿನಲ್ಲಿ ಅಜ್ಜನನ್ನು ಕೂರಿಸಿದೆವು. ನೂರು ಹೆಜ್ಜೆ ಆಚೆ ಎರಡು ಸೈಕಲ್ ನಿಲ್ಲಿಸಿದೆವು: ಒಂದು ಅಜ್ಜನದು, ಇದ್ದ ಹಾಗೆಯೇ. ಇನ್ನೊಂದು ನನ್ನದು, ಹಿತ್ತಾಳೆ ದೀಪ ತಿಕ್ಕುವ ಹಾಗೆ ಹುಣಸೆಹಣ್ಣು ಹಾಕಿ ಗಾಜು ತಿಕ್ಕಿದ್ದು. ಕತ್ತಲಾಗುತ್ತಿದ್ದಂತೆ ವ್ಯಾಪಾರಿ ಟೆಂಪೋದ ಲೈಟು ಹಾಕಿದ.

ಒಂದು ಗಾಜು ಕೆಂಡದ ಹಾಗೆ ಉರಿಯಿತು. ಒಂದೇ ಒಂದು.

"ನನ್ನ ಸೈಕಲ್ ಎಲ್ಲಿಟ್ರಿ?" ಎಂದ ಅಜ್ಜ.

"ಪಕ್ಕದಾಗಾ ಐತಿ."

"ಸುಳ್ಳು ಹೇಳಬ್ಯಾಡ್ರಿ. ನೀವು ನಿಲ್ಲಿಸೇ ಇಲ್ಲ." ಟೆಂಪೋದಿಂದ ಇಳಿದು ಅಜ್ಜ ನಡೆದ. ನಾವು ಅವನ ಹಿಂದೆ ನಡೆದೆವು. ಹತ್ತಿರ ಹೋಗಿ ಕೈಯಿಂದ ತನ್ನ ಸೈಕಲ್ಲಿನ ಸೀಟು ಮುಟ್ಟಿ ನೋಡಿದ. ಆಮೇಲೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳಿಗೆ ಎಂಜಲು ತಾಗಿಸುವುದೋ ಬೇಡವೋ ಎಂದು ಯೋಚಿಸಿ, ನೀರು ತರಿಸಿ, ಗಾಜಿನ ವಿಭೂತಿಯನ್ನು ಮೂರು ಬೆರಳಿನಿಂದ ಬಳಿದು ತೆಗೆದ. ಬಳಿದದ್ದನ್ನು ನೆಲಕ್ಕೆ ಬಿಡಲಿಲ್ಲ. ತನ್ನ ಹಣೆಗೆ ಎಳೆದುಕೊಂಡ. "ಶಿವಾ, ತಪ್ಪಾತು. ನಿನ್ನ ಜಾಗ ಇಲ್ಲಿ," ಎಂದ.

ನಾನು ಇಷ್ಟು ದಿನ ತಲೆ ಕೆಡಿಸಿಕೊಂಡ ಗಂಟನ್ನು ಅಜ್ಜ ಒಂದೇ ಕೈಯಲ್ಲಿ ಬಿಚ್ಚಿದ್ದ. ಒರೆಸಿದರೆ ತಾನೇ ತಪ್ಪು, ಹಣೆಗೆ ಹಚ್ಚಿಕೊಂಡರೆ ತಪ್ಪೆಲ್ಲಿ? ಮುಂದಿನ ಸೋಮವಾರ ಊರಿನ ಗಾಜುಗಳೆಲ್ಲ ತೊಳೆಸಿಕೊಂಡವು. ಗಂಡಸರ ಹಣೆಗಳು ಅವತ್ತು ವಿಪರೀತ ಬೆಳ್ಳಗಿದ್ದವು. ಹೊಸ ವಿಭೂತಿ ಹ್ಯಾಂಡಲ್ಲಿನ ನಡುವೆ, ಮುಂದಕ್ಕೆ. ಪೂಜೆಯ ಮೊದಲ ಕೆಲಸ ಹುಣಸೆಹಣ್ಣಿನಿಂದ ಗಾಜು ತಿಕ್ಕುವುದು. ಬುಟ್ಟಿಯ ಹಸಿ ಬಟ್ಟೆಯ ತುದಿ ಹಿಂದೆ ಜೋತುಬಿದ್ದು ಗಾಜು ಮುಚ್ಚದ ಹಾಗೆ ಒಳಗೆ ಸಿಕ್ಕಿಸುವುದನ್ನೂ ನಾನೇ ಸೇರಿಸಿದೆ. ಸಿಕ್ಕಿದ್ದೇ ಸೀರುಂಡೆ ಎಂದು ಕಟ್ಟೆಯಲ್ಲಿ ನಿಂತು ಒಬ್ಬೊಬ್ಬರ ಸೈಕಲ್ಲಿನ ಹಿಂದೆ ಬಗ್ಗಿ ನೋಡುತ್ತಿದ್ದೆ. "ಇನ್‌ಸ್ಪೆಕ್ಟರ್ ಬಂದ್ರು" ಎಂದು ಅಣಕಿಸುತ್ತ, ತಾವೇ ಬಟ್ಟೆ ಸರಿಮಾಡಿಕೊಳ್ಳುತ್ತಿದ್ದರು.

ಆಮೇಲಿನ ವರ್ಷಗಳಲ್ಲಿ ಈ ಪದ್ಧತಿ ನನಗಿಂತ ಜೋರಾಗಿ ಓಡಾಡಿತು. ಕೊಟ್ಟೂರಿನಲ್ಲಿ ನನ್ನ ಅಣ್ಣ ತನ್ನ ಓಣಿಗೆ ಹೇಳಿದ. ಗುಡೇಕೋಟೆಗೆ ಕೊಟ್ಟ ತಂಗಿ ಅಲ್ಲಿಯವರ ಜೊತೆ ಜಗಳವಾಡಿಯೇ ಗಾಜು ತೊಳೆಸಿದಳು, ರಕ್ತ ಒಂದೇ ಅಲ್ಲವೇ. ಎರಡು ಸಾವಿರದ ಆಚೆ ಅದಿರಿನ ಲಾರಿಗಳು ಶುರುವಾಗಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆ ಹೋದರೆ ಗಿಡ, ಮನೆ, ಮನುಷ್ಯ ಎಲ್ಲಕ್ಕೂ ಕೆಂಪು ಧೂಳು. ವಾರಕ್ಕೊಮ್ಮೆ ಸಾಲದು, ದಿನಾ ಒರೆಸಿ ಎಂದು ಸಾರುತ್ತ ಹೋದೆ. ಸರ್ಕಾರ ಹೈಸ್ಕೂಲು ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಹಿರೇಹಡಗಲಿ ಕಡೆಯ ಮೇಷ್ಟ್ರೊಬ್ಬರು ನನ್ನನ್ನು ಕರೆಸಿ ಮಕ್ಕಳ ಮುಂದೆ ನಿಲ್ಲಿಸಿದರು. ಎಸ್ಸೆಸ್ಸೆಲ್ಸಿ ಫೇಲಾದವಳು ಹೈಸ್ಕೂಲಿನಲ್ಲಿ ಪಾಠ ಮಾಡಿ ಬಂದೆ! ಮೊದಲು ಹೇಳಿದ್ದು ನನ್ನ ತಪ್ಪನ್ನೇ.

ಆದರೆ ಇದೆಲ್ಲಕ್ಕಿಂತ ದೊಡ್ಡದೊಂದಿದೆ. ಅದಕ್ಕೆ ನಾನು ಹಿಂದಕ್ಕೆ ಹೋಗಬೇಕು.

ಪ್ಲಾಸ್ಟರ್ ಬಿಚ್ಚಿ ಕಾಲು ನೆಟ್ಟಗಾದರೂ ನಮ್ಮ ಮನೆಯವರು ಸೈಕಲ್ ಹತ್ತಲಿಲ್ಲ. ಒಮ್ಮೆ ಹತ್ತಿ ಊರ ಹೊರಗಿನ ತನಕ ಹೋಗಿದ್ದರು. ಹಿಂದೆ ಲಾರಿಯ ಸದ್ದು ಕೇಳಿದ್ದೇ ಇಳಿದು, ರಸ್ತೆ ಬಿಟ್ಟು ಹೊಲದೊಳಗೆ ನಿಂತುಬಿಟ್ಟರು. ಸೈಕಲ್ ತಳ್ಳಿಕೊಂಡು ಮನೆಗೆ ಬಂದು, "ಬೆನ್ನಿಗೆ ಕಣ್ಣಿಲ್ಲಲ್ಲ, ಏನು ಮಾಡ್ಲಿ," ಎಂದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತೋಟದ ಕೆಲಸ ಅವರು, ಹೂವು ಒಯ್ಯುವುದು ನಾನು, ಹೀಗೇ ವರ್ಷ ದಾಟಿತು. ಊರಿನವರ ಗಾಜೆಲ್ಲ ಹೊಳೆಯುತ್ತಿದ್ದವು. ನನ್ನ ಮನೆಯ ಸೈಕಲ್ ಮಾತ್ರ ಮಡ್ಗಾರ್ಡ್ ಸರಿಯಾಗಿ, ಗಾಜು ತಿಕ್ಕಿಸಿಕೊಂಡು, ಪಡಸಾಲೆಯಲ್ಲಿ ಸುಮ್ಮನೆ ನಿಂತಿತ್ತು. ಇವರು ಮತ್ತೆ ಹತ್ತದೆ ಹೋದರೆ ನಾನು ಗೆದ್ದದ್ದು ಏನು ಎಂದು ಎಷ್ಟೋ ಸಲ ಅನ್ನಿಸಿತ್ತು.

ಯುಗಾದಿ ಕಳೆದ ಮೇಲೆ ಒಂದು ನಸುಕು. ಬುಟ್ಟಿ ಕಟ್ಟುತ್ತಿದ್ದೆ. ಅವರು ಬಂದು, "ಇವತ್ತು ನಾ ಹೋಗ್ತೀನಿ," ಎಂದು ಬುಟ್ಟಿಯನ್ನು ತಮ್ಮ ಸೈಕಲ್ಲಿಗೆ ಎತ್ತಿಟ್ಟುಕೊಂಡರು. ನಾನು ಹಗ್ಗದ ತುದಿ ಎಳೆದು ಬಿಗಿದೆ. ಏನಾದರೂ ಅಂದರೆ ಮನಸ್ಸು ಬದಲಾಯಿಸಿಯಾರು ಎಂಬ ಹೆದರಿಕೆ.

ಅಷ್ಟರಲ್ಲಿ ಒಳಗಿನಿಂದ ಅತ್ತೆ ಬಂದರು. ಕೈಯಲ್ಲಿ ನೀರಿನ ತಂಬಿಗೆ. ಒಂದೂವರೆ ವರ್ಷ ಸೈಕಲ್ ಮುಟ್ಟದವರು ಹಿಂದಿನ ಗಾಲಿಯ ಹತ್ತಿರ ಮಂಡಿ ಹಿಡಿದುಕೊಂಡು ಕೂತರು. ಸೆರಗಿನ ತುದಿ ಒದ್ದೆ ಮಾಡಿ ಗಾಜು ಒರೆಸಿದರು. ನಾನು ಹಿಂದಿನ ದಿನವೇ ಹುಣಸೆಹಣ್ಣು ಹಾಕಿ ತಿಕ್ಕಿದ್ದ ಗಾಜು ಅದು. ಬಾಯಿಯ ಹಬೆ ಊದಿ ಮತ್ತೊಮ್ಮೆ ಒರೆಸಿದರು. ಎದ್ದು ನನ್ನ ಕಡೆ ಕೈ ಚಾಚಿ, "ಬ್ಯಾಟರಿ ಕೊಡು," ಎಂದರು.

ಕೊಟ್ಟೆ. ನಮ್ಮ ಮನೆಯವರು ಪೆಡಲ್ ತುಳಿದು ಓಣಿಗೆ ಇಳಿದರು. ಅತ್ತೆ ಬಾಗಿಲಲ್ಲಿ ನಿಂತು, ಬ್ಯಾಟರಿಯನ್ನು ಎರಡೂ ಕೈಯಿಂದ ಕಣ್ಣಿನ ಮಟ್ಟಕ್ಕೆ ಹಿಡಿದು ಮಗನ ಬೆನ್ನ ಹಿಂದೆ ಬೆಳಕು ಬಿಟ್ಟರು. ಗಾಜು ಹೊತ್ತಿಕೊಂಡಿತು.

"ಕಾಣ್ತೈತಿ," ಎಂದರು. ಅವರು ಓಣಿ ದಾಟಿದರು. "ಕಾಣ್ತೈತಿ." ಜೋಳ ತುಂಬಿಡುವ ಹಗೇವು ದಾಟಿ ರಸ್ತೆಗೆ ಹತ್ತಿದರು. ದೂರದಲ್ಲಿ ಯಾವುದೋ ಲಾರಿಯ ಸದ್ದು ಕೇಳಿತು. ಕೆಂಪು ಚುಕ್ಕೆ ನಿಲ್ಲಲಿಲ್ಲ, ಮುಂದಕ್ಕೆ ಹೋಗುತ್ತಲೇ ಇತ್ತು.

ಅತ್ತೆ ನನ್ನ ಕೈ ಹುಡುಕಿ ಹಿಡಿದುಕೊಂಡರು. "ನೋಡು," ಎಂದರು, "ಇನ್ನೂ ಕಾಣ್ತೈತಿ."