ಅಬ್ದುಲಗನಿ ಬಣ್ಣ ಹೊಡೆದ ಸ್ಟಿಕ್ಕುಗಳು

ಸುಮ್ಮನೆ ಕೂಡುವುದು ಅಬ್ದುಲಗನಿಯ ಹಣೆಯಲ್ಲೇ ಬರೆದಿರಲಿಲ್ಲ. ಸಪ್ತಾಪುರದಲ್ಲಿ ಅವನದು ಸ್ಕೂಟರ್ ರಿಪೇರಿ ಮಾಡಿ ಬಣ್ಣ ಹೊಡೆಯುವ ಅಂಗಡಿ. ಬರೀ ಹಾರನ್ ರಿಪೇರಿಗೆ ಬಂದ ಗಾಡಿಯಲ್ಲೂ ಗೀರು ಕಂಡರೆ ಮುಗಿಯಿತು, ಕೇಳದೆಯೇ ಉಜ್ಜಿ ಬಣ್ಣ ಹೊಡೆದು ಕಳಿಸುವ ಆಸಾಮಿ.

ಮಗಳು ಅಫ್ರೀನ್ ಫ್ಲೋರ್‌ಬಾಲ್ ಆಡುತ್ತಿದ್ದಳು. ಹಾಕಿಯಂಥದೇ ಆಟ, ಆದರೆ ಸೂರಿನಡಿ. ಹಗುರ ಸ್ಟಿಕ್ಕು, ತೂತು ತೂತಾದ ಪ್ಲಾಸ್ಟಿಕ್ ಚೆಂಡು. ೨೦೦೭ರಲ್ಲಿ ಪುಣೆಯ ಅಂತರರಾಷ್ಟ್ರೀಯ ಕ್ಲಬ್ ಚಾಂಪಿಯನ್‌ಶಿಪ್ಪಿಗೆ ಅವಳ ಕ್ಲಬ್ಬಿಗೂ ಕರೆ ಬಂತು. ಮೊದಲ ಆಟವೇ ಸಿಂಗಾಪುರದವರ ಮೇಲೆ, ಸೋತವರು ಅಲ್ಲಿಗೇ ಹೊರಗೆ. ಮುಂದಿನ ತಿಂಗಳು ಅಫ್ರೀನಳ ನಿಕಾಹ್. ಆಮೇಲೆ ಆಟಗೀಟ ಇಲ್ಲವೆಂದು ಬೀಗರು ಖಡಾಖಂಡಿತ ಹೇಳಿದ್ದರು. ಇದೊಂದು ಆಡಿಬಿಡಲಿ ನನ್ನ ಕೂಸು ಎಂದು ಅಬ್ದುಲಗನಿಯ ಜೀವ ಚಡಪಡಿಸುತ್ತಿತ್ತು.

ಹೊರಡುವ ಮುನ್ನಾದಿನ ತಂಡದ ಹತ್ತೂ ಸ್ಟಿಕ್ಕುಗಳನ್ನು ಅಂಗಡಿಗೆ ತಂದ. ಗೀರುಬಿದ್ದ ಸ್ಟಿಕ್ಕು ಹಿಡಿದು ಪರದೇಶದವರ ಎದುರು ನಿಲ್ಲುವುದೇ? ಛೇ. ಉಜ್ಜಿ, ಮೈಮೇಲೆ ಅಂಟಿಸಿದ್ದ ಹರಕು ಚೀಟಿಗಳನ್ನೆಲ್ಲ ಕಿತ್ತು, ಎರಡು ಕೈ ಕೆಂಪು ಹೊಡೆದ. "ಭಾಳ ಛಲೋ ಕಾಣಾಕತ್ತಾವು," ಎಂದು ಕೋಚ್ ಶಾಂತಯ್ಯನೂ ಬೆನ್ನು ತಟ್ಟಿದ.

ತಂಡದ ಜೊತೆ ಅಬ್ದುಲಗನಿಯೂ ಪುಣೆಗೆ ಹೋದ. ಅಲ್ಲಿ ಆಟಕ್ಕೆ ಅರ್ಧ ತಾಸಿದೆ ಎನ್ನುವಾಗ ರೆಫರಿ ಸ್ಟಿಕ್ಕುಗಳನ್ನು ಹೊರಳಿಸಿ ಹೊರಳಿಸಿ ನೋಡಿ, ಎಲ್ಲವನ್ನೂ ಬದಿಗಿಟ್ಟ.

"ಗನಿಭಾಯ್, ಮ್ಯಾಲಿನ ಚೀಟಿ ಎಲ್ಲ್ಯದಾವ್ರಿ?" ಶಾಂತಯ್ಯ ಓಡಿಬಂದು ಕೇಳಿದ.

"ಹರದಿದ್ದೂರಿ. ಕಿತ್ತು ಒಗದೇನಿ."

"ಅದು ಮಂಜೂರಾತಿ ಗುರ್ತಂತ. ಅದಿಲ್ಲದ ಆಡಾಕ ಬಿಡೂದಿಲ್ಲ ಅನ್ನಾಕತ್ತಾರ."

ಅಬ್ದುಲಗನಿ ತಂಡದಿಂದ ತಂಡಕ್ಕೆ ಓಡಿದ. ಭಾಷೆ ಬಾರದು, ಕೆಂಪು ಸ್ಟಿಕ್ಕು ತೋರಿಸಿ ಕೈಮುಗಿದ. ಸಿಂಗಾಪುರದವರೇ ಮರುಗಿ ಹೆಚ್ಚಿನ ಮೂರು ಕೊಟ್ಟರು. ಓಡಾಡಿ ಆಡುವ ಐವರಿಗೆ ಬೇಕಿದ್ದದ್ದು ಐದು. ಹೊತ್ತು ಮೀರಿತು, ಸೀಟಿ ಬಿತ್ತು, ಆಡದೆಯೇ ಸಿಂಗಾಪುರದವರು ಗೆದ್ದರು.

ಈ ಆಟದಲ್ಲಿ ಗೋಲು ಕಾಯುವವರಿಗೆ ಸ್ಟಿಕ್ಕೇ ಬೇಡ. ಮೊಣಕಾಲೂರಿ ಮೈಕೈಯಿಂದಲೇ ತಡೆಯಬೇಕು. ತಂಡದ ಗೋಲು ಕಾಯುವ ಅಫ್ರೀನ್ ಮುಖಗವಸು ತೊಟ್ಟು ಗೋಲಿನೆದುರು ಮೊಣಕಾಲೂರಿದವಳು ಏಳಲೇ ಇಲ್ಲ.

ಅಬ್ದುಲಗನಿ ಹೋಗಿ ಎದುರು ನಿಂತ. "ತಪ್ಪಾತು ಬೇಟಾ," ಎಂದ.

"ಚೆಂಡು ಒಗೀರಿ ಅಬ್ಬಾ. ಒಂದಾದ್ರೂ ತಡೀತೇನಿ."

ಒಗೆದ. ತಡೆದಳು.

"ಇನ್ನೊಂದು."

ಮುಂದಿನ ಆಟದವರು ಬಂದು ಜಾಗ ಬಿಡಿ ಎನ್ನುವವರೆಗೂ ಅವನು ಒಗೆಯುತ್ತಲೇ ಇದ್ದ.